ಆಸ್ಪತ್ರೆ ಬಿಲ್ಲು ಏರ್ತಾ ಇದೆ, ದುಡ್ಡು ಯಾರನ್ನ ಕೇಳೋದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಸ್ಪತ್ರೆ ಬಿಲ್ಲಿನವೇ. ಹಾಗಾಗಿ ಬಾಕಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ಮೂರು ಕುಂದಾಪುರದ ಕಡೆ, ಈಗ ಡೊಂಬಿವಲಿಯಲ್ಲಿ ಇದ್ದೇವೆ. ದಾದರಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತೇನೆ, ಸಂಬಳ 20,000. ಹೆಂಡತಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ಮುಂಬೈಯ ಒಂದು ದೊಡ್ಡ ಟ್ರಸ್ಟ್ ಆಸ್ಪತ್ರೆಗೆ ಸೇರಿಸಿದೆ. ಮೂರೇ ವಾರಕ್ಕೆ ಬಿಲ್ಲು 6 ಲಕ್ಷ ದಾಟಿತು. ಒಡವೆ ಅಡವಿಟ್ಟಾಯಿತು, ಮಾಲೀಕರು 1 ಲಕ್ಷ ಕೊಟ್ಟರು, ಅಲ್ಲಿ ಇಲ್ಲಿ ಸಾಲ ಆಯಿತು. ಇನ್ನೂ 2 ಲಕ್ಷ ಡಿಪಾಸಿಟ್ ಕಟ್ಟಿ ಅಂತಿದ್ದಾರೆ. ಭಾವ ಊರಿನ ಜಾಗ ಮಾರೋಣ ಅಂತಾರೆ. ನಮ್ಮ ಹತ್ತಿರ ಇಲ್ಲಿನ ಕೇಸರಿ ರೇಷನ್ ಕಾರ್ಡ್ ಇದೆ. ಮಾರಲಾ?

ಉತ್ತರ: ಜಾಗದ ಮಾತು ಸದ್ಯಕ್ಕೆ ಬೇಡ ತಮ್ಮಾ. ಅವಸರಕ್ಕೆ ಮಾರೋರಿಗೆ ಊರಲ್ಲಿ ಯಾರೂ ಸರಿಯಾದ ಬೆಲೆ ಕೊಡಲ್ಲ. ಅದಕ್ಕಿಂತ ಮುಖ್ಯ, ರಕ್ತದ ಕ್ಯಾನ್ಸರ್ ಮೂರು ವಾರದಲ್ಲಿ ಮುಗಿಯುವ ಕಾಯಿಲೆ ಅಲ್ಲ, ಕೆಲವು ಬಗೆಯದಕ್ಕೆ ಎರಡು ಮೂರು ವರ್ಷ ಔಷಧ ನಡೆಯುತ್ತದೆ. ಜಾಗದ ದುಡ್ಡೆಲ್ಲ ಮೊದಲನೇ ತಿಂಗಳಲ್ಲೇ ಕರಗಿದರೆ ಆಮೇಲೆ ಏನು ಮಾರುತ್ತೀರಿ? ಇಷ್ಟು ದಿನ ನೀವು ದುಡ್ಡು ತರೋದರ ಹಿಂದೆಯೇ ಓಡಿದ್ದೀರಿ. ಬಿಲ್ಲು ಯಾವ ದರದಲ್ಲಿ ಬರ್ತಾ ಇದೆ ಅಂತ ಯಾರೂ ಕೇಳಿದ ಹಾಗಿಲ್ಲ. ಈಗ ಮೊದಲು ಅದನ್ನು ಕೇಳಿ.

ಟ್ರಸ್ಟ್ ಆಸ್ಪತ್ರೆ ಅಂದಿರಲ್ಲ, ಅಲ್ಲೇ ನಿಮ್ಮ ಹಕ್ಕು ಇರೋದು. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಲ್ಲಿ 41ಎಎ ಅಂತ ಒಂದು ಕಲಂ ಇದೆ. ಅದರ ಮೇಲೆ ಬಾಂಬೆ ಹೈಕೋರ್ಟ್ 2006ರಲ್ಲಿ ಒಂದು ಯೋಜನೆಯನ್ನೇ ಮಾಡಿಕೊಟ್ಟಿತು. ಚಾರಿಟಿ ಕಮಿಷನರ್, ಅಂದರೆ ಟ್ರಸ್ಟ್‌ಗಳನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ, ಅವರ ಹತ್ತಿರ ನೋಂದಾಯಿಸಿದ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಯನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನೂ 10 ಹಾಸಿಗೆಯನ್ನು ಕಡಿಮೆ ಆದಾಯದವರಿಗೆ ರಿಯಾಯಿತಿ ದರದಲ್ಲಿ ಇಡಬೇಕು. ಅದರ ಖರ್ಚಿಗೆ ತಮ್ಮ ಒಟ್ಟು ಬಿಲ್ಲಿನ ನೂರಕ್ಕೆ 2ರಷ್ಟನ್ನು ಬೇರೆಯೇ ನಿಧಿಯಲ್ಲಿ ಎತ್ತಿಡಬೇಕು. ಉಚಿತಕ್ಕೆ ಕುಟುಂಬದ ವರ್ಷದ ಆದಾಯ 1 ಲಕ್ಷ 80 ಸಾವಿರದೊಳಗೆ ಇರಬೇಕು, ರಿಯಾಯಿತಿಗೆ 3 ಲಕ್ಷ 60 ಸಾವಿರದೊಳಗೆ. ನಿಮ್ಮದು 2 ಲಕ್ಷ 40 ಸಾವಿರ. ಅಂದರೆ ಎರಡನೇದಕ್ಕೆ ಸರಿಯಾಗಿ ಬರುತ್ತೀರಿ. ರಿಯಾಯಿತಿ ಅಂದರೆ ಅವರು ಮನಸ್ಸಿಗೆ ಬಂದಷ್ಟು ಬಿಡೋದಲ್ಲ. ಆಸ್ಪತ್ರೆಯ ಅತಿ ಕಡಿಮೆ ವರ್ಗದ ದರ ಹಾಕಬೇಕು, ಔಷಧವನ್ನು ತಾವು ಕೊಂಡ ಬೆಲೆಗೆ ಕೊಡಬೇಕು.

ಇದನ್ನು ಕೌಂಟರಿನಲ್ಲಿ ಕೂತವರು ತಾವಾಗಿ ಹೇಳಲ್ಲ, ನನಗೆ ಸಿಟ್ಟು ಬರೋದೇ ಅಲ್ಲಿ. ನೀವು ಬಿಲ್ಲಿಂಗಿಗೆ ಹೋಗಬೇಡಿ, ಸೀದಾ ಮೆಡಿಕಲ್ ಸೋಶಿಯಲ್ ವರ್ಕರ್ ಎಲ್ಲಿ ಕೂರ್ತಾರೆ ಅಂತ ಕೇಳಿ. ತಹಶೀಲ್ದಾರರ ಆದಾಯ ಪತ್ರ, ಇಲ್ಲಿ ಎಲ್ಲರೂ 'ಉತ್ಪನ್ನಾಚಾ ದಾಖಲಾ' ಅಂತಾರಲ್ಲ ಅದು, ಜೊತೆಗೆ ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ. ಅರ್ಜಿ ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿ ಸೀಲ್ ಒತ್ತಿಸಿಕೊಳ್ಳಿ. ಬಾಯಿಮಾತಲ್ಲಿ 'ಹಾಸಿಗೆ ಖಾಲಿ ಇಲ್ಲ' ಅಂದರೆ ಸುಮ್ನೆ ವಾಪಸ್ ಬರಬೇಡಿ, ಅದನ್ನೇ ಬರೆದುಕೊಡಿ ಅನ್ನಿ. ಬರೆಯಲು ಒಪ್ಪದಿದ್ದರೆ ಚಾರಿಟಿ ಕಮಿಷನರ್ ಕಚೇರಿ ವರ್ಲಿಯಲ್ಲಿದೆ, ಸೀಲ್ ಇರುವ ಪ್ರತಿ ಹಿಡಿದುಕೊಂಡು ಅಲ್ಲಿಗೆ ಹೋಗಿ. ಆ ಸೀಲ್ ಇದ್ದವರ ಮಾತಿಗೂ ಇಲ್ಲದವರ ಮಾತಿಗೂ ಬಹಳ ವ್ಯತ್ಯಾಸ ಇದೆ.

ಎರಡನೇ ದಾರಿ ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. ಮೊದಲು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗಿನ ಚಿಕಿತ್ಸೆ ಇತ್ತು, ಈಗ 5 ಲಕ್ಷ. ಇಲ್ಲಿನ ರೇಷನ್ ಕಾರ್ಡ್ ಇದ್ದರೆ ಆಯಿತು. ಆದರೆ ಆಸ್ಪತ್ರೆ ಈ ಯೋಜನೆಯ ಪಟ್ಟಿಯಲ್ಲಿ ಇರಬೇಕು, ಚಿಕಿತ್ಸೆಗೆ ಮೊದಲೇ ಮಂಜೂರಾತಿ ಸಿಗಬೇಕು. ನೀವು ಈಗಾಗಲೇ ಕಟ್ಟಿದ ದುಡ್ಡು ವಾಪಸ್ ಬರಲ್ಲ. 155388ಕ್ಕೆ ಫೋನ್ ಮಾಡಿದರೆ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ಹೇಳುತ್ತಾರೆ. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ 'ಆರೋಗ್ಯಮಿತ್ರ' ಅಂತ ಒಬ್ಬರು ಕೂತಿರ್ತಾರೆ, ಅವರ ಹತ್ತಿರವೇ ಕಾಗದ ಕೊಡಬೇಕು.

ಮೂರನೇದು, ಅದೇ ಆಸ್ಪತ್ರೆಯಲ್ಲೇ ಇರಬೇಕಾ ಅನ್ನೋದು. ಪರೇಲಿನ ಟಾಟಾ ಆಸ್ಪತ್ರೆ 1941ರಿಂದ ಕ್ಯಾನ್ಸರಿಗೇ ಇರೋದು, ಅಲ್ಲಿ ಜನರಲ್ ವರ್ಗದ ದರವೇ ಬೇರೆ, ಸೋಶಿಯಲ್ ವರ್ಕಿನ ದೊಡ್ಡ ವಿಭಾಗವೇ ಇದೆ. ಆದರೆ ಕೀಮೋ ನಡುವೆ ರೋಗಿಯನ್ನು ಎತ್ತಿಕೊಂಡು ಹೊರಡಬೇಡಿ. ಈಗಿನ ಡಾಕ್ಟರನ್ನೇ ನೇರವಾಗಿ ಕೇಳಿ: 'ಸಾರ್, ನಮ್ಮಿಂದ ಇಷ್ಟು ದುಡ್ಡು ಆಗಲ್ಲ, ಯಾವ ಹಂತದಲ್ಲಿ ಟಾಟಾಗೋ ಮುನಿಸಿಪಾಲಿಟಿಯ ಕೆಇಎಂ ಆಸ್ಪತ್ರೆಗೋ ಹೋಗಬಹುದು?' ತುಂಬಾ ಡಾಕ್ಟರುಗಳು ಇದಕ್ಕೆ ಕೋಪ ಮಾಡಿಕೊಳ್ಳಲ್ಲ, ಅವರೇ ಪತ್ರ ಬರೆದುಕೊಡ್ತಾರೆ. ನಾವು ಕೇಳೋದಿಲ್ಲ ಅಷ್ಟೇ.

ಹೋಟೆಲಿನವರು ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಕಟ್ಟುತ್ತಾರಾ ಅಂತಲೂ ಸಂಬಳದ ಚೀಟಿ ನೋಡಿ. ತಿಂಗಳಿಗೆ 21,000ದವರೆಗೆ ಸಂಬಳ ಇದ್ದವರು ಅದರಲ್ಲಿ ಬರುತ್ತಾರೆ, ಹೆಂಡತಿಗೂ ಅನ್ವಯಿಸುತ್ತದೆ. ಪಿಎಫ್ ಇದ್ದರೆ ಕಾಯಿಲೆಯ ಕಾರಣಕ್ಕೆ ಮುಂಗಡ ತೆಗೆಯಬಹುದು.

ಇಷ್ಟಾದ ಮೇಲೆ ಜನರ ಹತ್ತಿರ ಕೇಳೋದು. ಅದಕ್ಕೆ ಒಂದು ಕಾಗದ ಬೇಕೇ ಬೇಕು. ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಡಾಕ್ಟರ ಸಹಿ, ಸೀಲ್ ಇರುವ ಅಂದಾಜು ಪತ್ರ. ಇಲ್ಲಿಯವರೆಗೆ ಎಷ್ಟಾಯಿತು ಅನ್ನೋದಲ್ಲ, ಮುಂದೆ ಎಷ್ಟು ಬೇಕು ಅನ್ನೋದು ಅದರಲ್ಲಿರಬೇಕು. ಮುಖ್ಯಮಂತ್ರಿ ನಿಧಿ, ಪ್ರಧಾನಮಂತ್ರಿ ಪರಿಹಾರ ನಿಧಿ, ಪ್ರಭಾದೇವಿಯ ಸಿದ್ಧಿವಿನಾಯಕ ದೇವಸ್ಥಾನದ ಟ್ರಸ್ಟ್, ನಮ್ಮ ಜಾತಿ ಸಂಘಗಳು, ಎಲ್ಲರೂ ಮೊದಲು ಕೇಳೋದು ಅದನ್ನೇ. ಯಾರೂ ಪೂರ್ತಿ ಕೊಡಲ್ಲ, ಸ್ವಲ್ಪ ಸ್ವಲ್ಪ ಕೊಡ್ತಾರೆ. ಹಾಗಾಗಿ ಒಂದರ ಉತ್ತರ ಬರಲಿ ಅಂತ ಕಾಯದೆ ಎಲ್ಲ ಕಡೆಗೂ ಒಟ್ಟಿಗೇ ಹಾಕಿ.

ಇನ್ನೊಂದು, ನಿಮ್ಮ ಹೋಟೆಲಿನ ಹುಡುಗರ ಹತ್ತಿರ ದುಡ್ಡು ಕೇಳಬೇಡಿ. ಅವರ ಸಂಬಳ ನಿಮಗೂ ಗೊತ್ತು. ರಕ್ತ ಕೇಳಿ. ಈ ಕಾಯಿಲೆಯಲ್ಲಿ ರಕ್ತ, ಪ್ಲೇಟ್ಲೆಟ್ ಪದೇ ಪದೇ ಬೇಕಾಗುತ್ತದೆ, ಆಸ್ಪತ್ರೆಯವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ 'ನಾಳೆ ಬೆಳಿಗ್ಗೆ ಡೋನರ್ ಕರ್ಕೊಂಡು ಬನ್ನಿ' ಅಂತಾರೆ. ಆ ಹೊತ್ತಿಗೆ ಯಾರ ಗುಂಪು ಯಾವುದು, ಯಾರಿಗೆ ಯಾವತ್ತು ರಜೆ ಅಂತ ಬರೆದ ಪಟ್ಟಿ ನಿಮ್ಮ ಜೇಬಿನಲ್ಲಿದ್ದರೆ ಸಾವಿರಗಟ್ಟಲೆ ರೂಪಾಯಿ ಉಳಿಯುತ್ತದೆ, ಅಲೆದಾಟವೂ ತಪ್ಪುತ್ತದೆ.

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿ ಐಟಿ ಕೆಲಸದಲ್ಲಿದ್ದೇನೆ. ಜೊತೆಗಿರುವ ಅಪ್ಪನಿಗೆ 73, ಸ್ಟ್ರೋಕ್ ಆಗಿ ಐಸಿಯುನಲ್ಲಿದ್ದಾರೆ. ಉಳಿತಾಯ ಖಾಲಿ ಆಗ್ತಾ ಬಂತು. ಸ್ನೇಹಿತರು ಆನ್‌ಲೈನ್‌ನಲ್ಲಿ ಹಣ ಸಂಗ್ರಹ ಮಾಡು ಅಂತಾರೆ. ಅಮ್ಮ, 'ಮಗ ಐಟಿಯಲ್ಲಿದ್ದುಕೊಂಡು ಭಿಕ್ಷೆ ಎತ್ತುತ್ತಾನಾ' ಅಂತ ಅಳ್ತಾರೆ. ಆ ಕಂಪನಿಗಳು ಕಮಿಷನ್ ಹೊಡೀತವೆ ಅಂತಲೂ ಕೇಳಿದ್ದೇನೆ. ಏನು ಮಾಡಲಿ?

ಉತ್ತರ: ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಐಟಿಯವರು ಕೇಳಿದರೆ ಜನ ಕೂಡ ಅದನ್ನೇ ಯೋಚಿಸ್ತಾರೆ, 'ಇವರಿಗೆ ಇನ್ಶೂರೆನ್ಸ್ ಇಲ್ವಾ?' ಅಂತ. ಹಾಗಾಗಿ ಆ ಉತ್ತರ ನಿಮ್ಮ ಕೈಯಲ್ಲಿ ಮೊದಲೇ ಇರಬೇಕು. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಪ್ಪ ಅಮ್ಮನನ್ನು ಸೇರಿಸಿದ್ದೀರಾ? ಸೇರಿಸಿದ್ದರೆ ರೂಮ್ ಬಾಡಿಗೆಯ ಮಿತಿ ನೋಡಿ. ಅಪ್ಪನನ್ನು ಐಸಿಯುನಿಂದ ವಾರ್ಡಿಗೆ ತಂದಾಗ ಇದರಲ್ಲೇ ಎಷ್ಟೋ ಜನ ಸಿಕ್ಕಿಬೀಳೋದು. ಪಾಲಿಸಿಯಲ್ಲಿ ದಿನಕ್ಕೆ 5,000ದ ರೂಮ್ ಅಂತಿದ್ದು ನೀವು 10,000ದ ರೂಮ್ ತೆಗೆದುಕೊಂಡರೆ, ಹೆಚ್ಚಾದ 5,000 ಮಾತ್ರ ನಿಮ್ಮ ಮೇಲೆ ಬೀಳೋದಲ್ಲ. ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಆಪರೇಶನ್ ಥಿಯೇಟರ್ ಖರ್ಚು ಎಲ್ಲವನ್ನೂ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಸುತ್ತಾರೆ.

ಅಪ್ಪನಿಗೆ 73 ಅಂದಿರಲ್ಲ, ಕೇಂದ್ರ ಸರ್ಕಾರದ ಆಯುಷ್ಮಾನ್ ವಯ ವಂದನ ಕಾರ್ಡ್ ಮಾಡಿಸಿದ್ದೀರಾ? 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ ಇದು ಸಿಗುತ್ತದೆ. ಆದಾಯ ಕೇಳೋದಿಲ್ಲ, ಮಗ ಐಟಿಯಲ್ಲಿದ್ದರೂ ಆಯಿತು, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆಧಾರ್ ಸಾಕು. ಇಲ್ಲೂ ಆಸ್ಪತ್ರೆ ಪಟ್ಟಿಯಲ್ಲಿರಬೇಕು, 14555ಕ್ಕೆ ಕೇಳಿ ನೋಡಿ. ನನಗೆ ಪತ್ರ ಬರೆದ ಪುಣೆಯವರಲ್ಲಿ ಎಷ್ಟೋ ಜನಕ್ಕೆ ಇದು ಬಡವರ ಕಾರ್ಡ್ ಅನ್ನೋ ಭಾವನೆ ಇದೆ, ಅದಕ್ಕೇ ವಿಚಾರಿಸಿಯೇ ಇರಲ್ಲ.

ಇವೆಲ್ಲ ಮುಗಿದ ಮೇಲೂ ಸಾಲದಿದ್ದರೆ ಧಾರಾಳವಾಗಿ ಕೇಳಿ. ಕೆಟ್ಟೋ, ಮಿಲಾಪ್, ಇಂಪ್ಯಾಕ್ಟ್‌ಗುರು ಇಂಥ ಆನ್‌ಲೈನ್ ಹಣ ಸಂಗ್ರಹದ ತಾಣಗಳು ಇವೆ. ಶುಲ್ಕದ ಪದ್ಧತಿ ಒಂದೊಂದರದ್ದು ಒಂದೊಂದು ಥರ, ಆಗಾಗ ಬದಲಾಗುತ್ತದೆ ಕೂಡ. ಕೆಲವು ಕಡೆ ಕೊಡುವವರ ಹತ್ತಿರವೇ 'ಟಿಪ್' ಅಂತ ಕೇಳ್ತಾರೆ, ದುಡ್ಡು ಕಟ್ಟುವ ಪುಟದಲ್ಲಿ ಅದು ಮೊದಲೇ ಸೇರಿರುತ್ತದೆ, ಬೇಡದವರು ತೆಗೆಯಬೇಕು. ಅದನ್ನು ನಿಮ್ಮ ಜನಕ್ಕೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಆಮೇಲೆ ಬೈಸಿಕೊಳ್ಳೋದು ನೀವು. 'ನಿಮ್ಮ ಪುಟಕ್ಕೆ ಜಾಹೀರಾತು ಕೊಡ್ತೀವಿ' ಅಂತ ಫೋನ್ ಬಂದರೆ, ಅದರ ಖರ್ಚು ಯಾರ ಲೆಕ್ಕದಿಂದ ಹೋಗುತ್ತದೆ ಅಂತ ಕೇಳಿ, ಬರವಣಿಗೆಯಲ್ಲಿ ತರಿಸಿಕೊಳ್ಳಿ. ದುಡ್ಡು ನಿಮ್ಮ ಖಾತೆಗೆ ಬರೋದಕ್ಕಿಂತ ಸೀದಾ ಆಸ್ಪತ್ರೆಯ ಖಾತೆಗೆ ಹೋಗುವ ಹಾಗೆ ಮಾಡಿದರೆ ಯಾರೂ ಬೆರಳು ತೋರಿಸಲ್ಲ. ಒಬ್ಬ ವ್ಯಕ್ತಿಗೆ ಕೊಟ್ಟ ದುಡ್ಡಿಗೆ ದಾನದ ತೆರಿಗೆ ವಿನಾಯಿತಿ ಸಿಗಲ್ಲ, ಕೇಳಿದವರಿಗೆ ಸಿಗುತ್ತೆ ಅಂತ ಹೇಳಬೇಡಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000ಕ್ಕಿಂತ ಜಾಸ್ತಿ ನಿಮ್ಮ ಖಾತೆಗೆ ಬಂದರೆ ಅದು ನಿಮ್ಮ ಆದಾಯ ಅಂತ ಲೆಕ್ಕ ಆಗಬಹುದು. ಅದನ್ನೂ ಸಿಎ ಹತ್ತಿರ ಒಮ್ಮೆ ಕೇಳಿ.

ಒಂದು ಭ್ರಮೆ ಬಿಡಿ. ಪುಟ ಮಾಡಿಟ್ಟ ಕೂಡಲೇ ಗುರುತಿಲ್ಲದವರು ಬಂದು ಸುರಿಯೋದಿಲ್ಲ. ಮೊದಲ ದುಡ್ಡು ಬರೋದು ನಿಮ್ಮ ಆಫೀಸು, ಕಾಲೇಜು ಗೆಳೆಯರು, ಸೊಸೈಟಿಯ ಗುಂಪು, ಊರಿನ ಗುಂಪಿನಿಂದ. ಅವರಿಗೆ ಸಿನಿಮಾ ಟ್ರೇಲರ್ ಥರ ಕಣ್ಣೀರಿನ ಸಂದೇಶ ಬೇಡ. ಹೀಗೆ ಬರೆಯಿರಿ: 'ಅಪ್ಪನಿಗೆ ಸ್ಟ್ರೋಕ್ ಆಗಿ ಐಸಿಯುನಲ್ಲಿದ್ದಾರೆ. ಇನ್ನೂ ಇಷ್ಟು ಲಕ್ಷ ಆಗುತ್ತೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಇನ್ಶೂರೆನ್ಸಿನಿಂದ ಇಷ್ಟು ಬಂತು, ನಾನು ಇಷ್ಟು ಹಾಕಿದ್ದೇನೆ, ಇಷ್ಟು ಕಡಿಮೆ ಬೀಳ್ತಾ ಇದೆ. ಆಸ್ಪತ್ರೆಯ ಪತ್ರ ಜೊತೆಗಿದೆ. ಆಗದಿದ್ದರೆ ಬೇಜಾರಿಲ್ಲ, ನಾಲ್ಕು ಜನಕ್ಕೆ ಕಳಿಸಿ.' ಆ ಕೊನೇ ಸಾಲು ಇರಲೇಬೇಕು. ಕೊಡಲಾಗದವರು ನಿಮ್ಮ ಮುಖ ತಪ್ಪಿಸಿಕೊಂಡು ತಿರುಗೋದು ಅದರಿಂದ ತಪ್ಪುತ್ತದೆ.

ಮೂಗಿಗೆ ನಳಿಕೆ ಹಾಕಿದ ಫೋಟೋ ಹಾಕಬೇಡಿ. ಅದನ್ನು ಹಾಕಿದರೆ ಜಾಸ್ತಿ ದುಡ್ಡು ಬರುತ್ತದೆ ಅಂತ ಹೇಳೋರು ಸಿಗ್ತಾರೆ. ಬರಲಿ ಬಿಡಲಿ, ನಾಳೆ ಅಪ್ಪ ಎದ್ದು ಕೂತು ಮೊಬೈಲ್ ಕೈಗೆ ತೆಗೆದುಕೊಂಡಾಗ ಅದನ್ನು ನೋಡುವವರು ಅವರೇ ಅಲ್ವಾ? ಮೊಮ್ಮಗನ ಹುಟ್ಟುಹಬ್ಬದ ಫೋಟೋದಲ್ಲಿ ನಗುತ್ತಾ ಇರೋದನ್ನೇ ಹಾಕಿ. ಅಮ್ಮನಿಗೂ ಅದು ಸ್ವಲ್ಪ ಸಮಾಧಾನ. ಇನ್ನು, ನಿಮ್ಮ ಸಂದೇಶವನ್ನು ಕದ್ದು ತಮ್ಮ ಕ್ಯೂಆರ್ ಕೋಡ್ ಅಂಟಿಸಿ ಹಂಚುವ ಕಳ್ಳರೂ ಇದ್ದಾರೆ. ಹಾಗಾಗಿ ಖಾತೆಯ ಹೆಸರು ಯಾವುದು ಬರಬೇಕು ಅಂತ ಸಂದೇಶದಲ್ಲೇ ಬರೆದುಬಿಡಿ.

ಪ್ರಶ್ನೆ: ಅಕ್ಕಾರ, ಶರಣ್ರಿ. ನಾವು ಬಾಗಲಕೋಟಿ ಕಡೆಯವ್ರು, ಗೋವಾದಾಗ ವಾಸ್ಕೋದ ಝುವಾರಿ ನಗರದಾಗ ಅದೀವಿ. ಗಂಡ ಗಾರೆ ಕೆಲಸ ಮಾಡತಿದ್ರು. ಕಿಡ್ನಿ ಹೋಗಿ ವಾರಕ್ಕ ಮೂರು ಸಲ ಡಯಾಲಿಸಿಸ್ ಆಗತೈತಿ, ಖಾಸಗಿಯಾಗ. ಓಣಿ ಮಂದಿ ಎರಡು ಸಲ ಪಟ್ಟಿ ಹಾಕಿ ಕೊಟ್ರು. ಇನ್ನ ಕೇಳಾಕ ಬಾಯಿ ಬರವಲ್ದು.

ಉತ್ತರ: ಬಾಯಿ ಬಾರದೇ ಇರೋದು ಸರಿಯೇ ಇದೆ ತಂಗಿ. ಆಪರೇಶನ್ ಆದರೆ ಒಂದು ಸಲ ಪಟ್ಟಿ ಹಾಕಿ ಮುಗಿಸಬಹುದು. ಡಯಾಲಿಸಿಸ್ ವಾರ ವಾರ ನಡೆಯೋದು, ಅದಕ್ಕೆ ಓಣಿಯವರ ಪಟ್ಟಿ ಸಾಲೋದಿಲ್ಲ. ಖಾಸಗಿ ಬಿಟ್ಟು ಸರ್ಕಾರಿ ಕಡೆ ಹೋಗಬೇಕು. ಚಿಖಲಿಯ ಸರ್ಕಾರಿ ಆಸ್ಪತ್ರೆ ನಿಮಗೆ ಹತ್ತಿರ, ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ಮಡಗಾಂವ್, ಬಾಂಬೋಳಿಯ ಮೆಡಿಕಲ್ ಕಾಲೇಜು. ಬಡವರಿಗೆ ಉಚಿತ ಡಯಾಲಿಸಿಸ್ ಕೊಡಲು 2016ರಿಂದ ಕೇಂದ್ರದ ಕಾರ್ಯಕ್ರಮವೇ ಇದೆ. ಗೋವಾದಲ್ಲಿ ಐದು ವರ್ಷ ಇದ್ದ ದಾಖಲೆ ನಿಮ್ಮ ಹತ್ತಿರ ಇದ್ದರೆ ಅಲ್ಲಿನ ಸರ್ಕಾರದ ದೀನ ದಯಾಳ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡ್ ಮಾಡಿಸಿ. ಮೂರು ಜನರವರೆಗಿನ ಮನೆಗೆ ಚಿಕಿತ್ಸೆಗೆ ವರ್ಷಕ್ಕೆ ಎರಡೂವರೆ ಲಕ್ಷ, ನಾಲ್ಕು ಜನ ಅಥವಾ ಜಾಸ್ತಿ ಇದ್ದರೆ 4 ಲಕ್ಷ. ದಾಖಲೆ ಇಲ್ಲ, ಬಾಡಿಗೆ ಮನೆಯವರು ಕಾಗದ ಕೊಡಲ್ಲ ಅಂದರೆ ಊರ ಬಿಪಿಎಲ್ ಕಾರ್ಡ್ ನೋಡಿಕೊಳ್ಳಿ. ಕರ್ನಾಟಕದಲ್ಲಿ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಇದೆ. ಗಂಡನಿಗೆ ಹೇಗೂ ಈಗ ಗಾರೆ ಕೆಲಸ ಆಗಲ್ಲ, ಆ ಬಾಡಿಗೆ ಕಟ್ಟಿಕೊಂಡು ವಾಸ್ಕೋದಲ್ಲೇ ಇರಬೇಕಾ ಅಂತ ಮನೆಯಲ್ಲಿ ಕೂತು ಮಾತಾಡಿ. ಒಂದು ಎಚ್ಚರ: ಆಸ್ಪತ್ರೆ ಬಾಗಿಲಲ್ಲಿ 'ಕಿಡ್ನಿ ಕೊಡಿಸ್ತೀನಿ, ಇಷ್ಟು ಕೊಡಿ' ಅಂತ ಯಾರಾದರೂ ಬಂದರೆ ಮಾತೇ ಆಡಬೇಡಿ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಕಿಡ್ನಿ ಮಾರೋದು ಕೊಳ್ಳೋದು ಎರಡೂ ಅಪರಾಧ.

ಪ್ರಶ್ನೆ: ಕಾಂದಿವಲಿಯಲ್ಲಿ ನಮ್ಮದೊಂದು ಚಿಕ್ಕ ಬಳಗ ಇದೆ. ಸದಸ್ಯರೊಬ್ಬರ ಮಗುವಿನ ಹೃದಯದ ಆಪರೇಶನ್ನಿಗೆ ಸಹಾಯಾರ್ಥ ಯಕ್ಷಗಾನ ಇಡ್ತಾ ಇದ್ದೇವೆ. ಹಿಂದೆ ಇನ್ನೊಂದು ಕಡೆ ಹೀಗೇ ಮಾಡಿ, ದುಡ್ಡು ಎಲ್ಲಿ ಹೋಯಿತು ಅಂತ ಜಗಳ ಆಗಿತ್ತು. ಹಾಗಾಗದಂತೆ ಹೇಗೆ ನೋಡಿಕೊಳ್ಳೋದು?

ಉತ್ತರ: ಆಟ ಆಡಿಸೋದಕ್ಕೇ ದುಡ್ಡೆಲ್ಲ ಹೋಗದ ಹಾಗೆ ನೋಡಿಕೊಳ್ಳಿ, ಅದು ಮೊದಲನೇದು. ಸಭಾಂಗಣದ ಬಾಡಿಗೆ, ಮೈಕು, ಮೇಳದ ಸಂಭಾವನೆ, ಊಟ, ಅತಿಥಿಗಳಿಗೆ ಶಾಲು ಹಾರ, ಇದೆಲ್ಲ ಕಳೆದು ಮಗುವಿಗೆ ಏನು ಉಳಿಯುತ್ತದೆ ಅಂತ ಈಗಲೇ ಕಾಗದದ ಮೇಲೆ ಬರೆಯಿರಿ. ಆಟದ ಖರ್ಚನ್ನು ಪೂರ್ತಿ ಹೊರುವ ಒಬ್ಬಿಬ್ಬರು ಹೋಟೆಲ್ ಮಾಲೀಕರು ಸಿಕ್ಕಿದರೆ ಮಾತ್ರ ಆಟ ಇಡಿ. ಸಿಗದಿದ್ದರೆ ಸುಮ್ನೆ ಮನೆಮನೆಗೆ ಹೋಗಿ ಕೇಳೋದೇ ಲಾಭ. ಶಾಲು ಹಾರ ನನ್ನ ಪ್ರಕಾರ ಬೇಡವೇ ಬೇಡ. ಮಗುವನ್ನು ವೇದಿಕೆಗೆ ಹತ್ತಿಸಿ ತೋರಿಸೋದೂ ಬೇಡ.

ಸಂಘ ನೋಂದಣಿ ಆಗಿದ್ದರೆ ಅದರ ಖಾತೆಗೇ ಹಾಕಿಸಿ, ನಂಬರ್ ಇರುವ ರಸೀದಿ ಕೊಡಿ. ಯಾರೊಬ್ಬರ ಸ್ವಂತ ಗೂಗಲ್ ಪೇಗೂ ಬೇಡ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಅವರ ಮನೆ ಕಂತು, ಕರೆಂಟ್ ಬಿಲ್ಲು ಎಲ್ಲ ಅದೇ ಖಾತೆಯಲ್ಲಿ ಓಡಾಡುತ್ತದೆ, ಆಮೇಲೆ ಲೆಕ್ಕ ಬಿಡಿಸೋದು ಯಾರಿಂದಲೂ ಆಗಲ್ಲ. ಬಂದದ್ದನ್ನು ಚೆಕ್ಕಿನಲ್ಲಿ ಆಸ್ಪತ್ರೆಗೇ ಕಟ್ಟಿ, ರಸೀದಿಯ ಫೋಟೋ ಗುಂಪಿಗೆ ಹಾಕಿ. ಜಗಳ ಶುರುವಾಗೋದು ದುಡ್ಡು ಸಾಲದಾಗ ಅಲ್ಲ, ಮಿಕ್ಕಾಗ. ಮಿಕ್ಕರೆ ಮಗುವಿನ ಮುಂದಿನ ತಪಾಸಣೆಗೆ ಎಷ್ಟು ಇಡೋದು, ಉಳಿದದ್ದು ಇನ್ನೊಬ್ಬ ರೋಗಿಗೆ ಹೋಗುತ್ತದಾ ಅಂತ ಆಟದ ಕರಪತ್ರದಲ್ಲೇ ಒಂದು ಸಾಲು ಅಚ್ಚು ಹಾಕಿಸಿ.

ಪ್ರಶ್ನೆ: ಠಾಣೆಯಿಂದ ಬರೀತಿದ್ದೇನೆ. ಅತ್ತೆಯ ಡಿಸ್ಚಾರ್ಜಿಗೆ 90,000 ಕಡಿಮೆ ಬಿದ್ದಿದೆ. ಪರಿಚಯದವರೊಬ್ಬರು ನೂರಕ್ಕೆ 3ರ ಬಡ್ಡಿಗೆ ಕೊಡ್ತೀನಿ ಅಂತಾರೆ, ಮೈದುನ ಮೊಬೈಲ್ ಆ್ಯಪಿನಲ್ಲಿ ತೆಗೆಯೋಣ ಅಂತಾನೆ. ಯಾವುದು ವಾಸಿ?

ಉತ್ತರ: ಎರಡೂ ಬೇಡ. 3 ಅಂದರೆ ತಿಂಗಳಿಗೆ, ವರ್ಷಕ್ಕೆ 36 ಆಯಿತು. ಗೊತ್ತುಗುರಿ ಇಲ್ಲದ ಆ್ಯಪಿನವರು ಫೋನಿನಲ್ಲಿರುವ ನಂಬರುಗಳನ್ನೆಲ್ಲ ತೆಗೆದುಕೊಂಡು, ಒಂದು ಕಂತು ತಪ್ಪಿದರೆ ನಿಮ್ಮ ಬೀಗರಿಗೂ ಫೋನ್ ಮಾಡ್ತಾರೆ. ಬಳೆಯೋ ಸರವೋ ಇದ್ದರೆ ಬ್ಯಾಂಕಿನಲ್ಲಿಟ್ಟು ಚಿನ್ನದ ಸಾಲ ತೆಗೆಯಿರಿ, ಅದೇ ದಿನ ಸಿಗುತ್ತದೆ, ಬಡ್ಡಿ ಇದರ ಅರ್ಧವೂ ಇರಲ್ಲ. ನಿಮ್ಮ ಭಿಷಿಯಲ್ಲಿ, ಅಂದರೆ ಚೀಟಿಯಲ್ಲಿ, ನಿಮ್ಮ ಸರದಿ ಬೇಗ ಹಾಕಿಸಿಕೊಳ್ಳಲು ಆಗುತ್ತದಾ ಅಂತಲೂ ಕೇಳಿ.

ಅದಕ್ಕೂ ಮೊದಲು ಬಿಲ್ಲನ್ನು ಬಾಬು ಬಾಬಾಗಿ ಬಿಡಿಸಿ ಕೊಡಿ ಅನ್ನಿ. ರಾಷ್ಟ್ರೀಯ ಮಾನವ ಹಕ್ಕು ಆಯೋಗ ಮಾಡಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಅದೂ ಇದೆ, ದುಡ್ಡು ಬಾಕಿ ಅಂತ ರೋಗಿಯನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅನ್ನೋದೂ ಇದೆ. ವಾಪಸ್ ಕೊಟ್ಟ ಔಷಧದ ದುಡ್ಡು ಕಳೆದಿದ್ದಾರಾ, ಬಾರದ ಡಾಕ್ಟರ ವಿಸಿಟ್ ಹಾಕಿದ್ದಾರಾ ಅಂತ ಮೈದುನನನ್ನು ಕೂರಿಸಿ ಒಂದೊಂದೇ ಸಾಲು ಓದಿಸಿ. ಆಮೇಲೆ ಆಡಳಿತದವರನ್ನು ಕಂಡು, ಇಷ್ಟು ಈಗ ಕಟ್ಟುತ್ತೇವೆ, ಉಳಿದದ್ದಕ್ಕೆ ಮುಂದಿನ ತಾರೀಖಿನ ಚೆಕ್ ಕೊಡುತ್ತೇವೆ ಅಂತ ಕೇಳಿ ನೋಡಿ. ಆ ತಾರೀಖಿಗೆ ಖಾತೆಯಲ್ಲಿ ದುಡ್ಡು ಖಂಡಿತ ಇರುತ್ತದೆ ಅನ್ನೋದಾದರೆ ಮಾತ್ರ, ಯಾಕಂದರೆ ಚೆಕ್ ಬೌನ್ಸ್ ಆದರೆ ಕೇಸಾಗುತ್ತದೆ.